ಅಬಕಾರಿಯ ಲೆಕ್ಕ, ಹೆದ್ದಾರಿಯ ಹೆಣ

“ಒಂದು ನೈಂಟಿ ಹಾಕಿದರೆ ಕೈ ನಡುಗುವುದಿಲ್ಲ ಸ್ವಾಮಿ, ಗಾಡಿ ತಾನಾಗಿ ಹೋಗುತ್ತದೆ.” ನಮ್ಮೂರ ಪಿ.ಬಿ. ರಸ್ತೆಯ ಬದಿಯಲ್ಲಿ ಯಾವ ಚಹದಂಗಡಿಯಲ್ಲಿ ಕುಳಿತರೂ, ಲಾರಿ ಓಡಿಸುವವರ ಬಾಯಿಂದ ಈ ಮಾತು ಕೇಳದೆ ಏಳುವಂತಿಲ್ಲ. ಹೇಳುವವರು ಸುಳ್ಳುಗಾರರಲ್ಲ. ಅವರಿಗೆ ಹಾಗೆಯೇ ಅನಿಸುತ್ತದೆ. ಹಾಗೆ ಅನಿಸುವುದೇ ಇಲ್ಲಿನ ದೊಡ್ಡ ಕೇಡು.

ಹೊಟ್ಟೆಗೆ ಬಿದ್ದ ಮದ್ಯ ರಕ್ತವನ್ನು ಸೇರಿ ಮೆದುಳಿಗೆ ಹೋಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಅಲ್ಲಿ ಮೊಟ್ಟಮೊದಲು ಮಂಕಾಗುವುದು ‘ತಾಳು, ನಿಧಾನಿಸು, ಇದು ಆಗದು’ ಎಂದು ಒಳಗಿನಿಂದ ಎಚ್ಚರಿಸುವ ವಿವೇಕ. ಕಾಲು ತಡವರಿಸುವುದು, ನಾಲಿಗೆ ತೊದಲುವುದು ಆಮೇಲಿನ ಮಾತು. ‘ನಾನು ಓಡಿಸಲು ತಕ್ಕವನೇ’ ಎಂಬ ಪ್ರಶ್ನೆಗೆ ತೀರ್ಪು ಕೊಡಬೇಕಾದ ನ್ಯಾಯಾಧೀಶನೇ ಮೊದಲು ಕುಡಿದು ಕುಳಿತುಬಿಟ್ಟರೆ, ತೀರ್ಪು ಕುಡಿದವನ ಪರವಾಗಿ ಬರದೆ ಇನ್ನೇನಾದೀತು? ತೂರಾಡುವವನನ್ನು ಕಂಡರೆ ಅವನ ಕೈಯಿಂದ ಕೀಲಿ ಕಿತ್ತುಕೊಳ್ಳಲು ನಾಲ್ಕು ಜನ ಮುಂದೆ ಬರುತ್ತಾರೆ. ನೆಟ್ಟಗೆ ನಿಂತು, ನಗುನಗುತ್ತ ಮಾತಾಡಿ, ಲೆಕ್ಕ ಚುಕ್ತಾ ಮಾಡಿ ಗಾಡಿ ಹತ್ತುವವನನ್ನು ಯಾರೂ ತಡೆಯುವುದಿಲ್ಲ. ಅವನನ್ನು ಕುರಿತೇ ಈ ಲೇಖನ.

ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ತಕ್ಕಡಿ ಹಿಡಿದು ಬದುಕುವವರು. ಆದುದರಿಂದ ಉಪದೇಶವನ್ನು ಬದಿಗಿಟ್ಟು ಲೆಕ್ಕಕ್ಕೇ ಬರೋಣ. ಅಂಗಡಿಯಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರು ಪಾಲಿಗೆ 42.8 ಪಾಲು ಶುದ್ಧ ಮದ್ಯಸಾರ ಇರುತ್ತದೆ. ಸೀಸೆಯ ಚೀಟಿಯ ಮೇಲೆಯೇ ಅಚ್ಚಾಗಿದೆ. 60 ಮಿಲಿಲೀಟರಿನ ಒಂದು ‘ಲಾರ್ಜ್’ನಲ್ಲಿ ಹೀಗೆ ಸುಮಾರು 20 ಗ್ರಾಂ ಮದ್ಯಸಾರವಾಯಿತು. ಅರವತ್ತು ಕಿಲೋ ತೂಕದ ಗಂಡಸಿನ ಮೈಯೊಳಗೆ ಅದು ಹರಡಿಕೊಂಡಾಗ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 45ರಿಂದ 50 ಮಿಲಿಗ್ರಾಂ ನಿಲ್ಲುತ್ತದೆ. ಈ ಲೆಕ್ಕದ ಸೂತ್ರವನ್ನು ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1930ರ ದಶಕದಲ್ಲಿಯೇ ಕೊಟ್ಟುಹೋಗಿದ್ದಾನೆ. ಒರಟು ಲೆಕ್ಕ, ಊಟ ಮಾಡಿದವನಿಗೆ ಕೊಂಚ ಕಡಿಮೆ ಏರೀತು, ಬರಿಹೊಟ್ಟೆಯವನಿಗೆ ಬೇಗ ಏರೀತು, ತೆಳ್ಳನೆಯವನಿಗೂ ಹೆಂಗಸರಿಗೂ ಇನ್ನೂ ಹೆಚ್ಚು. ಆದರೂ ವ್ಯವಹಾರಕ್ಕೆ ಸಾಕಾಗುವಷ್ಟು ನಿಜವಾದ ಲೆಕ್ಕ.

ಇನ್ನು ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಎಂದರೆ ಒಂದೇ ಒಂದು ಲಾರ್ಜಿಗೆ ಗಡಿ ದಾಟಿಯಾಯಿತು. ನೈಂಟಿ ಹಾಕಿದವನು ಗಡಿಯ ಎರಡರಷ್ಟನ್ನೂ ಮೀರಿ 70ರ ಆಸುಪಾಸಿಗೆ ಹೋದ. ಕ್ವಾರ್ಟರ್ ಮುಗಿಸಿದವನು 140ರ ಹತ್ತಿರ. ‘ನಾನು ಬರೀ ಬೀರು’ ಎನ್ನುವವರು ಬೇರೆ ಇದ್ದಾರೆ. ನೂರಕ್ಕೆ ಏಳು ಪಾಲಿನ ಸ್ಟ್ರಾಂಗ್ ಬೀರಿನ 650 ಮಿಲಿಲೀಟರ್ ಸೀಸೆಯಲ್ಲಿ 45 ಮಿಲಿಲೀಟರ್ ಮದ್ಯಸಾರ. 90 ಮಿಲಿಲೀಟರ್ ಬ್ರಾಂದಿಯಲ್ಲಿ 38 ಚಿಲ್ಲರೆ. ಯಾವುದು ಹೆಚ್ಚೆಂದು ಅಂಗಡಿಯವರೇ ಹೇಳಲಿ.

ಇಳಿಯುವ ಲೆಕ್ಕ ಇದಕ್ಕಿಂತ ಮುಖ್ಯವಾದುದು, ಅದನ್ನು ಬಲ್ಲವರೂ ಕಡಿಮೆ. ಮದ್ಯಸಾರವನ್ನು ಸುಡುವ ಕೆಲಸ ಬಹುಮಟ್ಟಿಗೆ ಪಿತ್ತಜನಕಾಂಗದ್ದು. ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಅದು ಇಳಿಸುತ್ತ ಹೋಗುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ಅದಕ್ಕೆ ಓವರ್‌ಟೈಮ್ ಎಂಬುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೂ, ಮಜ್ಜಿಗೆ ಕುಡಿದರೂ, ತಲೆಗೆ ತಣ್ಣೀರು ಸುರಿದುಕೊಂಡರೂ, ಗಂಟಲಿಗೆ ಬೆರಳು ಹಾಕಿ ಕಕ್ಕಿದರೂ ರಕ್ತಕ್ಕೆ ಸೇರಿದ್ದು ತನ್ನ ಹೊತ್ತು ತೆಗೆದುಕೊಂಡೇ ಹೋಗುವುದು. ಕಾಫಿ ಕುಡಿದರೆ ನಿದ್ದೆ ಹಾರೀತು, ಅಮಲು ಹಾರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತರಕಾರಿಯ ಲೋಡು ತರಲು ಟೆಂಪೊ ಹತ್ತಿದರೆ, ಅವನ ರಕ್ತದಲ್ಲಿ ಇನ್ನೂ 60 ದಾಟಿ ಇರುತ್ತದೆ. ಆರು ಗಂಟೆಯ ಮೊದಲ ಪಾಳಿಗೆ ಬೈಕು ಏರುವಾಗಲೂ 30ರ ಗಡಿ ದಾಟಿಯೇ ಇದ್ದಾನು. ಅವನು ಮುಖ ತೊಳೆದಿದ್ದಾನೆ, ವಿಭೂತಿ ಹಚ್ಚಿಕೊಂಡಿದ್ದಾನೆ, ತಿಂಡಿ ತಿಂದಿದ್ದಾನೆ. ತಾನು ಕುಡಿದು ಓಡಿಸುತ್ತಿದ್ದೇನೆಂದು ಅವನ ಕನಸಿನಲ್ಲಿಯೂ ಇಲ್ಲ.

ಗಂಟೆಗೆ 60 ಕಿಲೋಮೀಟರ್ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರೂಮುಕ್ಕಾಲು ಮೀಟರಿನಷ್ಟು ಹೋಗುತ್ತದೆ. ಎದುರಿಗೆ ಹಸುವೊಂದು ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಮೈ ನೆಟ್ಟಗಿರುವವನಿಗೂ ಒಂದು ಸೆಕೆಂಡು ಬೇಕು. ಅಮಲಿನಲ್ಲಿ ಅದಕ್ಕೆ ಅರ್ಧ ಸೆಕೆಂಡು ಕೂಡಿತೆನ್ನಿ. ಎಂಟು ಮೀಟರು ಹೆಚ್ಚಾಯಿತು. ನಿಮ್ಮ ಅಂಗಡಿಯ ಮುಂದೆ ನಿಲ್ಲಬೇಕಾದ ಗಾಡಿ ಆಚೆಯ ಮೂರನೆಯ ಅಂಗಡಿಯ ಮುಂದೆ ನಿಲ್ಲುತ್ತದೆ. ನಡುವೆ ಯಾರಿದ್ದರು ಎಂಬುದೇ ಪ್ರಶ್ನೆ. ಇದಲ್ಲದೆ ಕಣ್ಣು ಒಂದೇ ಕಡೆ ನೆಡುತ್ತದೆ, ಅಕ್ಕಪಕ್ಕದ್ದು ಮನಸ್ಸಿಗೆ ಬಾರದು. ಎದುರು ಗಾಡಿಯ ದೀಪ ಕಣ್ಣಿಗೆ ಹೊಡೆದ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ಕಡೆಯ ರಸ್ತೆಗಳಲ್ಲಿ ಹಿಂಬದಿಯ ದೀಪವಿಲ್ಲದ ಕಬ್ಬಿನ ಟ್ರೇಲರುಗಳು ಎಷ್ಟು, ಕೆಟ್ಟು ನಿಂತ ಲಾರಿಯ ಹಿಂದೆ ಎರಡು ಕಲ್ಲು, ಒಂದು ಹಸಿರು ಟೊಂಗೆ ಇಟ್ಟು ಮಲಗಿದವರು ಎಷ್ಟು! ಪೂರ್ತಿ ಎಚ್ಚರವಿದ್ದವನೇ ಅದೃಷ್ಟದಿಂದ ಮನೆ ಸೇರುವ ರಸ್ತೆಯಲ್ಲಿ ಅರೆ ಎಚ್ಚರದವನ ಗತಿಯೇನು?

ಸಾಯುವವರು ಯಾರು ಎಂಬುದನ್ನೂ ನೋಡಬೇಕು. ಭಾರತ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯವೇ ಪ್ರಕಟಿಸಿದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಗಾಳಿಚೀಲವಿರುವ ಕಾರಿನಲ್ಲಿ ಕುಳಿತವರ ಪಾಲು ಇದರಲ್ಲಿ ಚಿಕ್ಕದು. ರಸ್ತೆಯ ಮೇಲೆ ಬಿದ್ದಿರುವ ಹೆಣ ಬಹುಮಟ್ಟಿಗೆ ನಮ್ಮವರದೇ: ಪಾಳಿ ಮುಗಿಸಿ ಬರುತ್ತಿದ್ದವನು, ಸಂತೆಗೆ ಹೊರಟವಳು, ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡವನು.

ಅದೇ ಪುಸ್ತಕದಲ್ಲಿ ಇನ್ನೊಂದು ವಿಚಿತ್ರವಿದೆ. ಈ ಸಾವುಗಳಲ್ಲಿ ಕುಡಿತದಿಂದ ಆದವು ನೂರಕ್ಕೆ ಮೂರಕ್ಕೂ ಕಡಿಮೆಯಂತೆ. ಎಪ್ಪತ್ತರಷ್ಟು ಪಾಲು ‘ಅತಿವೇಗ’ದ ತಲೆಗೆ ಕಟ್ಟಲಾಗಿದೆ. ಓದಿದ ಕೂಡಲೇ ಅಬಕಾರಿ ಮಂತ್ರಿಗಳಿಗೆ ಎಷ್ಟು ಸಮಾಧಾನವಾಗಿರಬೇಕು! ಆದರೆ ಅತಿವೇಗ ಏಕಾಯಿತು ಎಂದು ಕೇಳುವ ಕಾಲಂ ಆ ಫಾರಮ್ಮಿನಲ್ಲಿಲ್ಲ. ಒಂದು ಅಪಘಾತಕ್ಕೆ ಒಂದೇ ಕಾರಣ ಬರೆಯುವುದು ಠಾಣೆಯ ಪದ್ಧತಿ. ಗುದ್ದಿ ಓಡಿಹೋದವನ ಉಸಿರನ್ನು ಯಾರೂ ಅಳೆದಿಲ್ಲ, ಅಪಘಾತದ ಮೂರನೆಯ ದಿನ ಸಿಕ್ಕವನ ರಕ್ತದಲ್ಲಿ ಅಳೆಯಲು ಏನೂ ಉಳಿದಿಲ್ಲ. ಸತ್ತವನು ಕುಡಿದಿದ್ದನೆಂದು ಬರೆದರೆ ಅವನ ಹೆಂಡತಿ ಮಕ್ಕಳಿಗೆ ವಿಮೆ ತಪ್ಪೀತೆಂದು ಕರುಣೆಯಿಂದ ಬಿಟ್ಟವರೂ ಇರಬಹುದು. ಅಂತೂ ಪುಸ್ತಕದ ಮೂರು ಎಂಬ ಅಂಕಿ ನಮ್ಮ ಅಜ್ಞಾನದ ಅಳತೆಯೇ ಹೊರತು ಕುಡಿತದ ಅಳತೆಯಲ್ಲ.

2025ರ ಅಕ್ಟೋಬರ್ 24ರ ಬೆಳಗಿನ ಜಾವ ಕರ್ನೂಲಿನ ಬಳಿ ನಡೆದದ್ದು ನೆನಪಿರಬೇಕು. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು, ಹೆದ್ದಾರಿಯಲ್ಲಿ ಅದಾಗಲೇ ಉರುಳಿ ಬಿದ್ದಿದ್ದ ಒಂದು ಬೈಕಿನ ಮೇಲೆ ಹಾಯ್ದು, ಅದನ್ನು ಎಳೆದುಕೊಂಡು ಹೋಗಿ, ಹೊತ್ತಿಕೊಂಡಿತು. ಹತ್ತೊಂಬತ್ತು ಪ್ರಯಾಣಿಕರು ಮಲಗಿದ್ದಲ್ಲಿಯೇ ಸುಟ್ಟುಹೋದರು. ಬೈಕಿನ ಸವಾರ ಮೊದಲೇ ಬಿದ್ದು ಸತ್ತಿದ್ದ. ಅವನು ಕುಡಿದಿದ್ದನೆಂದು ಪರೀಕ್ಷೆಯಿಂದ ಗೊತ್ತಾಯಿತೆಂದು ಪೊಲೀಸರು ಹೇಳಿದರು. ಬಸ್ಸಿನ ಕಡೆಯ ದೋಷಗಳೂ ಇದ್ದುವು, ಅವುಗಳಿಗೆ ಬೇರೆಯೇ ಲೇಖನ ಬೇಕು. ಇಲ್ಲಿ ಹೇಳಬೇಕಾದುದು ಇಷ್ಟೆ: ‘ಕುಡಿದರೆ ನಾನು ತಾನೇ ಸಾಯುವುದು, ನಿಮಗೇನು?’ ಎಂದು ಜಗಳಕ್ಕೆ ಬರುವ ಗೆಳೆಯರಿಗೆ ಆ ಬಸ್ಸಿನಲ್ಲಿ ಮಲಗಿದ್ದವರು ಏನಾಗಬೇಕಿತ್ತು?

ಇಲ್ಲಿಯವರೆಗೆ ಓದಿದ ಕೆಲವು ಸಂಗಾತಿಗಳು ಹುಬ್ಬು ಗಂಟಿಕ್ಕಿರಬಹುದು. ‘ಇದೇನು, ನಮ್ಮ ಪತ್ರಿಕೆಯೂ ಡ್ರೈವರನ ಮೇಲೆಯೇ ಹರಿಹಾಯತೊಡಗಿತೇ? ಅವನನ್ನು ಕುಡಿಯುವಂತೆ ಮಾಡಿದವರಾರು?’ ಕೇಳಬೇಕಾದ ಪ್ರಶ್ನೆಯೇ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಗೊತ್ತುಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯೊಳಗೆ ಆ ಕಾಯ್ದೆಯನ್ನು ಮಡಚಿ ಇಟ್ಟಿದ್ದಾರೆ. ಎಂಟು ಗಂಟೆಯ ಮಾತು ಅಲ್ಲಿಯೂ ಇದೆ. ಕಾಗದದ ಮೇಲೆ ಎಂಟು ಗಂಟೆಗೆ ಎಂದೂ ಕೊರತೆ ಬಿದ್ದಿಲ್ಲ. ಆದರೆ ಮುಂಬಯಿಗೆ ಹೋಗಿ ಬರುವ ಲಾರಿಯ ಡ್ರೈವರಿಗೆ ಟ್ರಿಪ್ಪಿನ ಮೇಲೆ ಬಾಟಾ. ಬೇಗ ಮುಟ್ಟಿಸಿದರೆ ಮುಂದಿನ ಲೋಡು, ತಡವಾದರೆ ಬೈಗುಳ. ಎರಡನೆಯ ಡ್ರೈವರನ್ನು ಮಾಲೀಕ ಕಳಿಸುವುದಿಲ್ಲ, ಕ್ಲೀನರನ ಸಂಬಳವೂ ಅವನಿಗೆ ಭಾರವಾಗಿದೆ. ಹದಿನೆಂಟು ಗಂಟೆ ಚಕ್ರ ಹಿಡಿದವನ ಬೆನ್ನು ಬೆನ್ನಾಗಿ ಉಳಿದಿರುವುದಿಲ್ಲ. ನೋವಿಗೊಂದು, ನಿದ್ದೆಗೊಂದು, ಮನೆಯ ನೆನಪಿಗೊಂದು ಎಂದು ಗುಟುಕು ಆರಂಭವಾಗುತ್ತದೆ.

ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಯಾದರೆ 100 ಮಿಲಿಗ್ರಾಮಿನವನ ಮಟ್ಟಕ್ಕೆ. ಎಂದರೆ ಹದಿನೇಳು ಗಂಟೆ ದುಡಿಸಿಕೊಂಡ ಮಾಲೀಕ ತನ್ನ ಡ್ರೈವರಿಗೆ ಪುಕ್ಕಟೆಯಾಗಿ ಒಂದು ಲಾರ್ಜ್ ಕುಡಿಸಿದಂತಾಯಿತು. ಅದರ ಮೇಲೆ ಡ್ರೈವರು ತನ್ನ ದುಡ್ಡಿನಿಂದ ಇನ್ನೊಂದು ಹಾಕುತ್ತಾನೆ. ರಸ್ತೆಯಲ್ಲಿ ಪೊಲೀಸಿನವನು ಊದಿಸುವ ಯಂತ್ರ ಎರಡನೆಯದನ್ನು ಮಾತ್ರ ಹಿಡಿಯುತ್ತದೆ. ಮೊದಲನೆಯದನ್ನು ಹಿಡಿಯುವ ಯಂತ್ರವೊಂದಿದೆ. ಅದರ ಹೆಸರು ಹಾಜರಿ ಪುಸ್ತಕ. ಅದನ್ನು ತೆಗೆಸಿ ನೋಡುವ ಧೈರ್ಯ ಮಾತ್ರ ಅಧಿಕಾರಿಗಳಿಗೆ ಬೇಕು.

ಇನ್ನು ಸರ್ಕಾರದ ಲೆಕ್ಕ. ಮದ್ಯಪಾನವನ್ನು ತಡೆಯಲು ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಮೈಸೂರು ರಾಜ್ಯ 1960ರ ದಶಕದ ಕೊನೆಯಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಿಂತದ್ದು ಬಡವನ ಸಾರಾಯಿ, ಕುಡಿತವಲ್ಲ. ಅದೇ ಬಡವ ಹೆಚ್ಚು ಹಣ ಕೊಟ್ಟು ಕಾಗದದ ಪೊಟ್ಟಣದ ವಿಸ್ಕಿ ಕುಡಿಯತೊಡಗಿದ. 2025–26ರ ಆಯವ್ಯಯದಲ್ಲಿ ಅಬಕಾರಿಯಿಂದ ಬರಬೇಕಾದ ಹಣವೆಂದು ಕರ್ನಾಟಕ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ‘ಗುರಿ’ ಎಂಬ ಮಾತನ್ನು ಗಮನಿಸಬೇಕು. ಶಾಲೆಗೆ ಬರುವ ಮಕ್ಕಳಿಗೂ ಗುರಿ ಇಡುತ್ತಾರೆ, ಬಾವಿ ತೋಡುವುದಕ್ಕೂ ಗುರಿ ಇಡುತ್ತಾರೆ. ಕುಡಿಸುವುದಕ್ಕೂ ಗುರಿ ಇಟ್ಟ ಮೇಲೆ, ಆ ಗುರಿ ಮುಟ್ಟಿಸಲು ಹೊರಟ ಅಧಿಕಾರಿ ಒಂದು ಕಡೆ, ಕುಡಿದು ಬಂದವನನ್ನು ಹಿಡಿಯಲು ನಿಂತ ಅಧಿಕಾರಿ ಇನ್ನೊಂದು ಕಡೆ. ಇಬ್ಬರ ಸಂಬಳವೂ ಒಂದೇ ಖಜಾನೆಯಿಂದ!

ಸುಪ್ರೀಂ ಕೋರ್ಟಿನ ಕಥೆಯೂ ಇದಕ್ಕೆ ಸೇರಿದ್ದೇ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದು, ಹೆದ್ದಾರಿಗೆ ಕಾಣುವಂತೆ ಫಲಕವೂ ಕೂಡದು ಎಂದು 2016ರ ಡಿಸೆಂಬರ್ 15ರಂದು ನ್ಯಾಯಾಲಯ ಅಪ್ಪಣೆ ಮಾಡಿತು. ಲೈಸೆನ್ಸುದಾರರೂ ಸರ್ಕಾರಗಳೂ ಒಂದೇ ತೊಟ್ಟಿಲಿನ ಮಕ್ಕಳಂತೆ ಅತ್ತರು. 2017ರ ಮಾರ್ಚಿ 31ರಂದು, ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಲ್ಲಿ 500 ಮೀಟರು 220ಕ್ಕೆ ಇಳಿಯಿತು. ಚಂಡೀಗಢದವರು ಇನ್ನೂ ಜಾಣರು. ಅಂಗಡಿಯನ್ನು ಕದಲಿಸುವ ಬದಲು ರಸ್ತೆಯ ಹೆಸರನ್ನೇ ಬದಲಿಸಿ, ಹೆದ್ದಾರಿಯನ್ನು ಜಿಲ್ಲಾ ರಸ್ತೆ ಎಂದು ಕರೆದುಬಿಟ್ಟರು. ಆ ವರ್ಷದ ಜುಲೈಯಲ್ಲಿ ನ್ಯಾಯಾಲಯವೂ ಅದನ್ನು ಒಪ್ಪಿ, ಪುರಸಭೆ ನಗರಸಭೆಗಳ ಎಲ್ಲೆಯೊಳಗೆ ತನ್ನ ಅಪ್ಪಣೆ ಅಡ್ಡಬರದೆಂದು ಹೇಳಿತು. ರಸ್ತೆಯ ಹೆಸರು ಬದಲಾದದ್ದು ಲಾರಿಗೆ ಗೊತ್ತಾಗಲಿಲ್ಲ, ಅದು ಹಿಂದಿನ ವೇಗದಲ್ಲಿಯೇ ಹೋಗುತ್ತಿದೆ. ನಮ್ಮೂರಿನಂತಹ, ಹೆದ್ದಾರಿಯ ಮೇಲೆಯೇ ಬೆಳೆದ ಊರುಗಳಿಗೆ ಆ ಅಪ್ಪಣೆಯಿಂದ ಏನು ಉಳಿಯಿತೆಂದು ಸಂಜೆ ಏಳರ ಮೇಲೆ ಒಂದು ಸುತ್ತು ಬಂದವರಿಗೆ ಹೇಳಬೇಕಾಗಿಲ್ಲ.

ಮಾಲೀಕ, ಸರ್ಕಾರ ಇಬ್ಬರೂ ತಪ್ಪಿತಸ್ಥರು ಎಂದಾದ ಮೇಲೆ ಡ್ರೈವರನು ನಿರ್ದೋಷಿಯೆ? ಅಲ್ಲ ಎಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ಚಳವಳಿಯಲ್ಲಿ ಒಂದು ಕೆಟ್ಟ ಅಭ್ಯಾಸ ಬೆಳೆದಿದೆ. ದುಡಿಯುವವನು ಮಾಡಿದ ತಪ್ಪಿಗೆಲ್ಲ ಮೇಲಿನವನನ್ನು ತೋರಿಸಿ ಮುಗಿಸುತ್ತೇವೆ. ಗುದ್ದಿಸಿಕೊಂಡು ಸತ್ತ ಹಮಾಲನೂ ದುಡಿಯುವವನೇ ಅಲ್ಲವೆ? ಅವನ ಪರವಾಗಿ ಮಾತಾಡುವವರು ಯಾರು? ಹಸಿವಿನಿಂದ ರೊಟ್ಟಿ ಕದ್ದವನ ಪರ ನಿಲ್ಲಲು ನಾವು ಸಿದ್ಧ. ದಣಿವಿನಿಂದ ಕುಡಿದು ಇನ್ನೊಬ್ಬ ದಣಿದವನ ಮೇಲೆ ಗಾಡಿ ಹಾಯಿಸಿದವನ ಪರ ನಿಲ್ಲಲು ಯಾವ ಸಮಾಜವಾದವೂ ಹೇಳಿಕೊಟ್ಟಿಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ಒಬ್ಬ ಸಮಾಜವಾದಿ ಹೆಂಗಸನ್ನು ನೆನೆಯುವುದು ಒಳ್ಳೆಯದು. ಬಾರ್ಬರಾ ಕಾಸಲ್ ಎಂಬಾಕೆ ಬ್ಲ್ಯಾಕ್‌ಬರ್ನ್ ಎಂಬ ಹತ್ತಿಗಿರಣಿಗಳ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದ ಲೇಬರ್ ಪಕ್ಷದವಳು. ಸಾರಿಗೆ ಮಂತ್ರಿಯಾದಾಗ ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅದಕ್ಕೇ ವಿರೋಧಿಗಳು ನಕ್ಕರು. ಆಕೆಯ ಕಾಲದಲ್ಲಿ ಬಂದ ಕಾಯ್ದೆಯಿಂದ 1967ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಸ್ತೆಗೆ ಉಸಿರು ಊದಿಸುವ ಪರೀಕ್ಷೆ ಬಂದಿತು. ಗಡಿ 80 ಮಿಲಿಗ್ರಾಂ. ಅಲ್ಲಿಯವರೆಗೆ, ಕುಡಿದವನು ಕುಡಿದಿದ್ದನೆ ಎಂಬುದು ವೈದ್ಯನ ಅಂದಾಜಿಗೂ ವಕೀಲನ ಬಾಯಿಗೂ ಸಿಕ್ಕಿ ಒದ್ದಾಡುತ್ತಿತ್ತು. ಹಣವಿದ್ದವನು ಒಳ್ಳೆಯ ವಕೀಲನನ್ನು ಹಿಡಿದು ಪಾರಾಗುತ್ತಿದ್ದ. ಯಂತ್ರ ಬಂದ ಮೇಲೆ ಸಂಖ್ಯೆಯೊಂದೇ ಉಳಿಯಿತು, ಸಂಖ್ಯೆಗೆ ಜಾತಿಯಿಲ್ಲ, ಕುಲವಿಲ್ಲ. ಆಕೆಗೆ ಬೈಗುಳದ ಕಾಗದಗಳು ಬಂದುವು, ಕೊಲ್ಲುವ ಬೆದರಿಕೆಯೂ ಬಂದಿತು. ಮೊದಲ ಒಂದು ವರ್ಷದಲ್ಲಿಯೇ ಸಾವಿರಕ್ಕೂ ಹೆಚ್ಚು ಜನ ಸಾಯುವುದು ತಪ್ಪಿತು. ಆ ಸಾವಿರ ಜನ ತಾವು ಬದುಕಿದ್ದು ಏಕೆಂದು ಎಂದೂ ತಿಳಿಯಲಾರರು, ಓಟು ಕೊಡಲೂ ಆರರು.

ನಮ್ಮಲ್ಲಿ ಯಂತ್ರ ಬಂದಿದೆ, ನಿಲ್ಲಿಸುವ ಜಾಗ ಮಾತ್ರ ತಪ್ಪಿದೆ. ವೈನ್ ಶಾಪಿನಿಂದ ಐವತ್ತು ಹೆಜ್ಜೆಯಲ್ಲಿ ಹಳೆಯ ಬೈಕಿನವನನ್ನು ಹಿಡಿಯುತ್ತಾರೆ. ಕ್ಲಬ್ಬಿನ ಗೇಟಿನಿಂದ ಹೊರಬರುವ ದೊಡ್ಡ ಕಾರಿಗೆ ಅದೇ ಕೈ ಸಲಾಮು ಹೊಡೆಯುತ್ತದೆ. 2019ರ ಸೆಪ್ಟೆಂಬರಿನಿಂದ ದಂಡ ಮೊದಲ ಸಲಕ್ಕೆ 10,000 ರೂಪಾಯಿ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಮತ್ತೆ ಸಿಕ್ಕರೆ 15,000, ಸಜೆ ಎರಡು ವರ್ಷದವರೆಗೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನ ಮನೆಯಲ್ಲಿ ಹತ್ತು ಸಾವಿರವೆಂದರೆ ಎರಡು ತಿಂಗಳ ಒಲೆ. ಕ್ಲಬ್ಬಿನವನಿಗೆ ಅದು ಒಂದು ರಾತ್ರಿಯ ಬಿಲ್ಲು. ಇದು ಅನ್ಯಾಯ. ಆದರೆ ಇದಕ್ಕೆ ಪರಿಹಾರ ಬಡವನ ತಪಾಸಣೆ ನಿಲ್ಲಿಸುವುದಲ್ಲ. ಯಂತ್ರವನ್ನು ಕ್ಲಬ್ಬಿನ ಗೇಟಿಗೂ ಒಯ್ಯುವುದು, ವರಮಾನ ನೋಡಿ ದಂಡ ಹಾಕುವುದು. ಇದನ್ನು ಕೇಳುವ ಹಕ್ಕು ನಮಗೆ ಬರಬೇಕಾದರೆ ನಮ್ಮವರು ಮೊದಲು ಊದಲು ಒಪ್ಪಬೇಕು.

ಅಂಗಡಿಕಾರ ಮಿತ್ರರಿಗೂ ಎರಡು ಮಾತು. ಸುಗ್ಗಿಯ ಕಾಲದಲ್ಲಿ ನಡುರಾತ್ರಿಗೆ ಲೋಡು ಇಳಿಸಿದ ಡ್ರೈವರಿಗೆ ‘ಖುಷಿಗೆ ಇಟ್ಟುಕೋ’ ಎಂದು ಕೈಗೆ ಹಣ ತುರುಕಿ, ಆ ಖುಷಿ ಯಾವ ಅಂಗಡಿಗೆ ಹೋಗುತ್ತದೆಂದು ತಿಳಿದೂ ತಿಳಿಯದಂತೆ ಇರುತ್ತೇವೆ. ಆಯುಧಪೂಜೆಯ ದಿನ ಗಾಡಿಗೆ ಕುಂಬಳಕಾಯಿ ಒಡೆಯುತ್ತೇವೆ, ಸಂಜೆ ಅದೇ ಗಾಡಿಯವನಿಗೆ ಸೀಸೆ ಕೊಡಿಸುತ್ತೇವೆ. ಸಾಲ ಮಾಡಿ ಒಂದು ಸರಕು ಗಾಡಿ ಇಟ್ಟುಕೊಂಡವರು ಇದನ್ನು ದುಡ್ಡಿನ ಲೆಕ್ಕದಲ್ಲಿಯಾದರೂ ನೋಡಬೇಕು. ಓಡಿಸುವವನು ಕುಡಿದಿದ್ದರೆ ಗಾಡಿಯ ನಷ್ಟವನ್ನು ವಿಮಾ ಕಂಪನಿ ಕೊಡಬೇಕಾಗಿಲ್ಲ. ಊದಿಸಿದ, ರಕ್ತ ತೆಗೆದ ದಾಖಲೆ ಇಲ್ಲದಿದ್ದರೂ, ಬೇರೆ ಸಾಕ್ಷ್ಯದಿಂದ ಕುಡಿತ ಕಂಡುಬಂದರೆ ಸಾಕೆಂದು 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಮೊಕದ್ದಮೆ ದಿಲ್ಲಿಯಲ್ಲಿ 2007ರಲ್ಲಿ ನುಜ್ಜುಗುಜ್ಜಾದ ಒಂದು ಪೋರ್ಶೆ ಕಾರಿನದು. ತತ್ತ್ವ ಮಾತ್ರ ನಿಮ್ಮ ಟೆಂಪೊಗೂ ಅದೇ. ಸತ್ತ ದಾರಿಹೋಕನ ಮನೆಯವರಿಗೆ ಪರಿಹಾರ ಕೊಡೆಂದು ನ್ಯಾಯಮಂಡಳಿ ಕಂಪನಿಗೆ ಹೇಳಿದರೂ, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅನುಮತಿ ಕೊಡಬಹುದು. ಅಂಗಡಿ, ಮನೆ ಎರಡೂ ಅದರಲ್ಲಿ ಹೋದಾವು. ದುಡಿಯುವವರಿಗೂ ಇಂಥದೇ ಒಂದು ಕುಣಿಕೆಯಿದೆ. ಕುಡಿತದಿಂದಲೇ ಆದ ಅಪಘಾತದಲ್ಲಿ ಕೆಲಸಗಾರನ ಕೈಕಾಲು ಮುರಿದರೆ ಧಣಿ ಪರಿಹಾರ ಕೊಡಬೇಕಾಗಿಲ್ಲವೆಂದು 1923ರ ಪರಿಹಾರ ಕಾಯ್ದೆಯಲ್ಲಿಯೇ ಬರೆದಿಟ್ಟರು. ಸತ್ತರೆ ಅಥವಾ ಪೂರ್ತಿ ಊನನಾದರೆ ಮಾತ್ರ ಆ ನೆಪ ನಡೆಯದು. ಧಣಿಯ ವಕೀಲನ ಕೈಗೆ ಈ ಅಸ್ತ್ರವನ್ನು ನಾವೇ ಏಕೆ ಕೊಡಬೇಕು?

ಮಾಡಬೇಕಾದುದು ಆಕಾಶದಿಂದ ಇಳಿದು ಬರಬೇಕಾಗಿಲ್ಲ. ಐದು ಗಾಡಿಗಿಂತ ಹೆಚ್ಚು ಇಟ್ಟವರು ಗಾಡಿ ಹೊರಡುವ ಮುನ್ನ ಊದಿಸಿ ನೋಡಲಿ, ಹಾಗೆಯೇ ಹಿಂದಿನ ದಿನ ಅವನು ಎಷ್ಟು ಗಂಟೆ ಮಲಗಿದ್ದನೆಂದೂ ಬರೆದುಕೊಳ್ಳಲಿ. ಎರಡೂ ಒಂದೇ ಪುಸ್ತಕದಲ್ಲಿರಲಿ. ಕಾರ್ಮಿಕ ಸಂಘದ ಪ್ರತಿನಿಧಿಗೆ ಆ ಪುಸ್ತಕ ನೋಡುವ ಅಧಿಕಾರವಿರಲಿ. ಊದಿ ಸಿಕ್ಕವನಿಗೆ ಮೊದಲ ಸಲ ಆ ದಿನದ ಕೆಲಸ ಹೋಗಲಿ, ನೌಕರಿ ಹೋಗುವುದು ಬೇಡ. ನೌಕರಿ ಹೋಗುವುದೆಂದರೆ ಎಲ್ಲರೂ ಮುಚ್ಚಿಡುವರು. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಬಾಗಿಲಿಗೆ ಒಂದು ಸರ್ಕಾರಿ ಬಸ್ಸು ಬರಲಿ. ಕೊನೆಯ ಬಸ್ಸು ಒಂಬತ್ತಕ್ಕೇ ಹೋಗಿಬಿಟ್ಟು ಹೆಂಡದಂಗಡಿ ಹತ್ತೂವರೆಯವರೆಗೆ ತೆರೆದಿದ್ದರೆ, ನಡುವಿನ ಒಂದೂವರೆ ಗಂಟೆಯವರು ಮನೆಗೆ ಹೋಗುವುದು ಹೇಗೆಂದು ಸಾರಿಗೆ ಇಲಾಖೆಯವರು ಒಂದು ದಿನವಾದರೂ ಯೋಚಿಸಿದ್ದಾರೆಯೆ?

ನಮ್ಮ ಹಮಾಲರ ಕೋಣೆಯೊಂದರಲ್ಲಿ ಕಳೆದ ದೀಪಾವಳಿಯಿಂದ ಒಂದು ಹಲಗೆಗೆ ಮೊಳೆ ಹೊಡೆದಿಟ್ಟಿದ್ದಾರೆ. ವಾರದ ಬಟವಾಡೆಯ ದಿನ ಕುಡಿಯುವ ಮನಸ್ಸಿದ್ದವನು ಬೈಕಿನ ಕೀಲಿಯನ್ನು ಅಲ್ಲಿ ತೂಗುಹಾಕಿ ಹೋಗಬೇಕು. ರಾತ್ರಿ ಮನೆಗೆ ಹಂಚಿಕೊಂಡ ಆಟೊ, ಮರುದಿನ ಹತ್ತು ಗಂಟೆಯ ಮೇಲೆ ಕೀಲಿ ವಾಪಸು; ಎಂಟಕ್ಕೆ ಕೇಳಿದರೂ ಕೊಡುವುದಿಲ್ಲ. ಮೊದಲು ನಗೆಯಾಡಿದರಂತೆ. ಇಂತಹ ಹಲಗೆ ಬೇರೆ ಕೋಣೆಗಳಲ್ಲಿಯೂ ಆಗಬೇಕೆಂದು ನಮ್ಮ ಅಭಿಪ್ರಾಯ; ಮೊಳೆ, ಹಲಗೆಯ ಖರ್ಚನ್ನು ವರ್ತಕರ ಸಂಘದವರು ಕೊಡಲಿ. ಲಾರಿ ಮಾಲೀಕರು ತಮ್ಮ ಡ್ರೈವರುಗಳ ಗಂಟೆಯ ಲೆಕ್ಕವನ್ನು ಬರೆದು ಕಳಿಸಿದರೆ, ಒಂದಕ್ಷರ ತಿದ್ದದೆ ಮುಂದಿನ ವಾರ ಪ್ರಕಟಿಸುತ್ತೇವೆ.